ಎಲ್ವುಡ್ ಪ್ರೂಯಿಟ್ ಅವರ ಮನೆಗೆ ಬಂದ ಉಪಕಾರ

ಎಲ್ವುಡ್ ಪ್ರೂಯಿಟ್ ಅವರ ಮನೆಯ ಮುಂದಿನ ಮರದ ಮೆಟ್ಟಿಲುಗಳಲ್ಲಿ ಒಂದು, ಕಾಲಿಟ್ಟಾಗಲೆಲ್ಲ ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕಿರುಚುತ್ತಿತ್ತು. ಜೀವಮಾನವೆಲ್ಲ ಹಾರ್ಮನ್‌ವಿಲ್ ಊರಿಗೆ ಅಂಚೆ ಹಂಚಿ, ಆ ಊರಿನ ಬಹುಪಾಲು ನಾಯಿಗಳಿಂದ ಕಚ್ಚಿಸಿಕೊಂಡು ನಿವೃತ್ತರಾದ ಮನುಷ್ಯನಿಗೆ ಅದೇನೂ ದೊಡ್ಡ ಕಷ್ಟವಾಗಿರಲಿಲ್ಲ. ಯಾರಾದರೂ ಬಂದರೆ ಒಳಗಿದ್ದೇ ಗೊತ್ತಾಗುತ್ತದಲ್ಲ ಎಂದುಕೊಂಡು ಹಾಯಾಗಿದ್ದರು.

ಆ ಸೋಮವಾರ ಬೆಳಿಗ್ಗೆ ಅವರ ತಲೆಯಲ್ಲಿ ಮೆಟ್ಟಿಲಿರಲಿಲ್ಲ. ಎದುರುಮನೆಯ ಹ್ಯಾರಿಯೆಟ್ ವೋಗಲ್ ಸಂಜೆ ಊಟಕ್ಕೆ ಬರುವವರಿದ್ದರು. ಎಷ್ಟೋ ಬೇಸಿಗೆಗಳಿಂದ ಬೇಲಿಯಾಚೆಯಿಂದಲೇ ಹವಾಮಾನದ ಬಗ್ಗೆ ಮಾತಾಡಿ ಮಾತಾಡಿ, ಕೊನೆಗೊಮ್ಮೆ ಎಲ್ವುಡ್ ಧೈರ್ಯ ಮಾಡಿ ಕರೆದಿದ್ದರು. ಊಟವಾದ ಮೇಲೆ ಕೇಳಬೇಕೆಂದಿದ್ದ ಮಾತೊಂದಿತ್ತು. ಅದನ್ನು ಬಚ್ಚಲ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದರು. ಒಲೆಯೊಳಗೆ ಮಾಂಸ, ಆಲೂಗೆಡ್ಡೆ, ಕ್ಯಾರೆಟ್ ಸಣ್ಣ ಉರಿಯಲ್ಲಿ ಬೇಯುತ್ತಿದ್ದವು.

ಆಗ ಮೆಟ್ಟಿಲು ಕಿರುಚಿತು. ಒಂದು ಸಲವಲ್ಲ, ಕಸಾಯಿಖಾನೆಯ ಹಾಗೆ.

ಬಾಗಿಲು ತೆಗೆದರೆ ಊರಿನ ಬೇಸ್‌ಬಾಲ್ ತಂಡ, ಹಾರ್ಮನ್‌ವಿಲ್ ಬೀವರ್ಸ್, ಇಡಿಯಾಗಿ ನಿಂತಿತ್ತು. ಮುಂದೆ ತರಬೇತುದಾರ ಬಕ್ ಡೆಲೇನಿ, ಎದೆಯ ಮೇಲೆ ಟೋಪಿ ಹಿಡಿದು, ಸಾವಿನ ಮನೆಗೆ ಬಂದವನ ಮುಖ ಮಾಡಿಕೊಂಡಿದ್ದ. ಹಿಂದೆ ಸುತ್ತಿಗೆ, ಗರಗಸ, ಏಣಿ ಹಿಡಿದ ಹುಡುಗರು.

"ಪ್ರೂಯಿಟ್ ಸಾಹೇಬ್ರೇ," ಎಂದ ಬಕ್, "ಆಟ ಇಲ್ಲದ ಸೋಮವಾರ ಊರಲ್ಲಿ ಯಾರಾದ್ರೂ ಕಷ್ಟದಲ್ಲಿರೋರ ಮನೆ ರಿಪೇರಿ ಮಾಡ್ತೀವಿ, ಗೊತ್ತಲ್ಲ? ಈ ತಿಂಗಳು ನೀವು."

"ನಾನಾ? ನಂಗೇನಪ್ಪ ಕಷ್ಟ?" ಎಂದರು ಎಲ್ವುಡ್. "ಮನೆ ತಪ್ಪಿ ಬಂದಿದ್ದೀರಿ. ಎದುರುಗಡೆ ನೋಡಿ, ಹ್ಯಾರಿಯೆಟ್ ಅವರ ಸೂರು. ಮಳೆ ಬಂದ್ರೆ ಪಾಪ, ಕೊಡೆ ಹಿಡ್ಕೊಂಡು ಅಡಿಗೆ ಮಾಡ್ತಾರೆ. ಅಲ್ಲಿಗೆ ಹೋಗಿ."

ಬಕ್‌ನ ಕಣ್ಣಲ್ಲಿ ನೀರು ತುಂಬಿತು. ಅವನು ಹುಡುಗರ ಕಡೆ ತಿರುಗಿದ. "ಕೇಳಿದ್ರೇನ್ರೋ? ತನ್ನ ಮನೆ ಬಿದ್ದುಹೋಗ್ತಿದ್ರೂ ನೆರೆಮನೆ ಚಿಂತೆ ಮಾಡ್ತಾರೆ! ಇದಪ್ಪಾ ಮನುಷ್ಯ ಅಂದ್ರೆ. ಶುರು ಹಚ್ಕೊಳ್ಳಿ!"

"ಎಲ್ಲಯ್ಯ ಬಿದ್ದುಹೋಗ್ತಿದೆ?" ಎಂದು ಎಲ್ವುಡ್ ಕೇಳುವಷ್ಟರಲ್ಲಿ ಅದಕ್ಕೆ ಉತ್ತರ ತಯಾರಾಗುತ್ತಿತ್ತು.

ತಂಡದ ಪಿಚರ್, ಚೆಂಡನ್ನು ಗುಂಡಿನ ವೇಗದಲ್ಲಿ ಎಸೆಯುವ ಉದ್ದ ತೋಳಿನ ಹುಡುಗ, ಕಿರುಚುವ ಮೆಟ್ಟಿಲಿನ ಹಲಗೆಗೆ ಹಾರೆ ಹಾಕಿ ಒಂದು ಎಳೆತ ಎಳೆದ. ಹಲಗೆ ಬಂತು. ಅದರ ಜೊತೆ ಅದಕ್ಕೆ ಅಂಟಿಕೊಂಡಿದ್ದ ಕಂಬವೂ ಬಂತು. ಕಂಬ ಹೋದ ಮೇಲೆ ನಾನೊಬ್ಬ ಇಲ್ಲಿದ್ದು ಏನು ಮಾಡಲಿ ಎಂಬಂತೆ ಜಗುಲಿಯ ಮಾಡು ಮೆಲ್ಲಗೆ, ಮರ್ಯಾದೆಯಿಂದ, ಮಂಡಿಯೂರಿ ಕುಳಿತುಬಿಟ್ಟಿತು.

ಧೂಳು ಇಳಿದ ಮೇಲೆ ಬಕ್ ತಲೆಯಾಡಿಸಿದ. "ನಾವು ಬಂದದ್ದು ಒಳ್ಳೇದಾಯ್ತು ಸಾಹೇಬ್ರೇ. ಇದರ ಕೆಳಗೆ ನೀವು ಹೇಗೆ ಬದುಕಿದ್ರೋ!"

ಸದ್ದು ಕೇಳಿ ಪಕ್ಕದ ಮನೆಯ ಲೋಯ್ಸ್ ಹಟ್ಟನ್ ಓಡಿಬಂದಳು. ಲೋಯ್ಸ್ ಎಂದರೆ ಬೀದಿಯಲ್ಲಿ ಯಾರು ಸೀನಿದರೂ ಸಾರು ತರುವ ಹೆಂಗಸು. ವಿಷಯ ತಿಳಿದದ್ದೇ ತಡ, ಚರ್ಚಿನ ಹೆಂಗಸರಿಗೆಲ್ಲ ಫೋನು ಮಾಡಿದಳು. ಸ್ವಲ್ಪ ಹೊತ್ತಿನಲ್ಲೇ ಅವರೆಲ್ಲ ಬಂದು, ಹೊಸ ಬಣ್ಣ ಹೊಡೆಯುವ ಮುಂಚೆ ಸ್ವಚ್ಛ ಮಾಡಬೇಕೆಂದು ಎಲ್ವುಡ್ ಅವರ ಬೀರುಗಳಲ್ಲಿದ್ದದ್ದನ್ನೆಲ್ಲ ಅಂಗಳಕ್ಕೆ ಸುರಿದರು. ಅವರ ಒಳ ಉಡುಪುಗಳು ಬೇಲಿಯುದ್ದಕ್ಕೂ ಸೋತ ಸೈನ್ಯದ ಬಾವುಟಗಳಂತೆ ಹಾರಾಡಿದವು.

"ಲೋಯ್ಸ್, ನಾನು ಬಡವ ಅಲ್ಲಮ್ಮ!" ಎಂದು ಎಲ್ವುಡ್ ಅಂಗಲಾಚಿದರು. "ನಂಗೆ ಪಿಂಚಣಿ ಬರುತ್ತೆ!"

"ಮಾನಸ್ಥರು ಹಾಗೇ ಅನ್ನೋದು," ಎಂದು ಲೋಯ್ಸ್ ಅವರ ಕೈ ತಟ್ಟಿದಳು. ಆಮೇಲೆ ಒಂದು ಬನಿಯನ್ ಎತ್ತಿ ಬಿಸಿಲಿಗೆ ಹಿಡಿದು ಎಲ್ಲರಿಗೂ ತೋರಿಸಿದಳು. "ಇದ್ರಲ್ಲಿರೋ ತೂತು ನೋಡ್ರೇ! ಒಂದು ಮಾತು ಹೇಳ್ಬಾರ್ದಾ ಎಲ್ವುಡ್? ನಾವೆಲ್ಲ ಸತ್ತುಹೋಗಿದ್ವಾ?"

ಆ ಬನಿಯನ್ನಿನ ತೂತಿನ ಮೂಲಕವೇ ಎಲ್ವುಡ್ ಅವರಿಗೆ ಎದುರುಮನೆ ಕಾಣಿಸಿತು. ಹ್ಯಾರಿಯೆಟ್ ಜಗುಲಿಯಲ್ಲಿ ಕುಳಿತು ಬಟಾಣಿ ಬಿಡಿಸುತ್ತ, ಈ ಕಡೆಗೆ ಕೈ ಬೀಸಿದರು. ಎಲ್ವುಡ್ ಅವರ ಕಿವಿ ಟೊಮ್ಯಾಟೊ ಹಣ್ಣಾಯಿತು.

ಮಧ್ಯಾಹ್ನದ ಹೊತ್ತಿಗೆ ಸ್ಥಳೀಯ ರೇಡಿಯೋ ಸುದ್ದಿ ಬಿತ್ತರಿಸಿತು. ಆಟದ ದಿನ ಬಡವರಿಗೆಂದು ಕ್ರೀಡಾಂಗಣಕ್ಕೆ ಡಬ್ಬಿ ಆಹಾರ ತಂದು ದಾನ ಕೊಡುವ ಅಭ್ಯಾಸವಿದ್ದ ಜನ, ಈಗ ಅದನ್ನು ನೇರವಾಗಿ ಇಲ್ಲಿಗೇ ತಂದರು. ಕಾರು ನಿಧಾನ ಮಾಡುವುದು, ಹಾರ್ನ್ ಹೊಡೆಯುವುದು, ಹುರುಳಿಕಾಯಿಯ ಡಬ್ಬಿಯೊಂದನ್ನು ಹುಲ್ಲಿನ ಮೇಲಿಟ್ಟು "ಎದೆಗುಂದಬೇಡಿ ಎಲ್ವುಡ್!" ಎಂದು ಕೂಗಿ ಹೋಗುವುದು. ಒಂದು ಕಾಲದಲ್ಲಿ ಅವರನ್ನು ಕಚ್ಚಿದ ನಾಯಿಯ ಯಜಮಾನ ಕೂಡ ಬಂದು ಕ್ಷಮೆ ಕೇಳಿ, ಅನಾನಸು ಕೊಟ್ಟುಹೋದ.

ಒಳಗೆ ಹೋದರೆ ಅಡಿಗೆಮನೆಯಲ್ಲಿ ಪಾದ ಮುಳುಗುವಷ್ಟು ನೀರು. ನೀರಿನ ನಡುವೆ ರಾಮಿರೋ, ಡೊಮಿನಿಕನ್ ಗಣರಾಜ್ಯದಿಂದ ಬಂದು ತಂಡ ಸೇರಿದ್ದ ಬೆಟ್ಟದಂಥ ಹುಡುಗ, ನಲ್ಲಿಯ ತುಂಡನ್ನು ಕೈಯಲ್ಲಿ ಹಿಡಿದು ಅಳುಮುಖದಲ್ಲಿ ನಿಂತಿದ್ದ.

"ಸೋರ್ತಿತ್ತು ತಾತ," ಎಂದ. "ನಿಲ್ಸೋಣ ಅಂತ ತಿರುಗಿಸ್ದೆ. ಸ್ವಲ್ಪೇ ಸ್ವಲ್ಪ."

"ಅದು ಸೋರ್ತಿರ್ಲಿಲ್ಲ ಮಗಾ. ನಾನು ಕೈ ತೊಳ್ಕೊಂಡು ಬಂದಿದ್ದೆ."

ರಾಮಿರೋ ತಲೆ ತಗ್ಗಿಸಿದ. ಅವನ ಹಿಂದೆ ಒಲೆಯ ಬಾಗಿಲು ತೆರೆದಿತ್ತು. ಪಾತ್ರೆ ಹೊರಗಿತ್ತು. ಪಾತ್ರೆಯೊಳಗೆ ಒಂದು ಕ್ಯಾರೆಟ್ ಮಾತ್ರ ಒಂಟಿಯಾಗಿ ಮಲಗಿತ್ತು.

"ನಮಗೇಂತ ಮಾಡಿಟ್ಟಿದ್ರಂತೆ, ಬಕ್ ಹೇಳಿದ್ರು," ಎಂದ ರಾಮಿರೋ. "ಊರು ಬಿಟ್ಟು ಬಂದ್ಮೇಲೆ ಇಂಥ ಊಟ ತಿಂದಿರ್ಲಿಲ್ಲ ತಾತ. ನಮ್ಮಜ್ಜಿ ಕೈರುಚಿ."

ಎಲ್ವುಡ್ ಬೈಯಲು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡರು. ಆಟದ ಸಂಬಳ ಸಾಲದೆ ಯಾರದೋ ಮನೆಯ ಹಿಂದಿನ ಕೋಣೆಯಲ್ಲಿ ಮಲಗುವ ಹುಡುಗ. "ಆ ಕ್ಯಾರೆಟ್ ಯಾಕೆ ಬಿಟ್ಟೆ? ತಿನ್ನು," ಎಂದರು.

ಸಂಜೆಯಾಗುವಷ್ಟರಲ್ಲಿ ಕೆಲಸ ಮುಗಿಯಿತು. ಕ್ರೀಡಾಂಗಣದ ಬೇಲಿಗೆ ಹೊಡೆದು ಉಳಿದಿದ್ದ ಕಿತ್ತಳೆ ಬಣ್ಣವನ್ನು ಮನೆಗೆಲ್ಲ ಬಳಿದಿದ್ದರು. ಆ ಮನೆಯನ್ನು ನೋಡಿದ ಕಣ್ಣು ಮುಚ್ಚಿದರೂ ಅದು ಕಾಣುತ್ತಲೇ ಇರುತ್ತಿತ್ತು. ಜಗುಲಿಯ ಹೊಸ ಮಾಡನ್ನು ಕ್ರೀಡಾಂಗಣದ ಹಳೆ ಬೇಲಿಯ ಹಲಗೆಗಳಿಂದಲೇ ಕಟ್ಟಿದ್ದರು. ಹಲಗೆಯ ಮೇಲಿದ್ದ ಜಾಹೀರಾತು ಅಳಿಸಿರಲಿಲ್ಲ. ಹೀಗಾಗಿ ಎಲ್ವುಡ್ ಅವರ ಬಾಗಿಲ ಮೇಲೆ ದೊಡ್ಡ ಅಕ್ಷರಗಳಲ್ಲಿ, "ಗ್ರೀಬ್ ಮತ್ತು ಮಕ್ಕಳು, ಶವಸಂಸ್ಕಾರದವರು. ನಿಮಗಾಗಿ ಕಾದಿದ್ದೇವೆ" ಎಂದು ಬರೆದಿತ್ತು.

ಹುಡುಗರು ಒಬ್ಬೊಬ್ಬರಾಗಿ ಅವರನ್ನು ಅಪ್ಪಿಕೊಂಡರು. ರಾಮಿರೋ ಅಪ್ಪಿದಾಗ ಬೆನ್ನಿನಲ್ಲಿ ಏನೋ ಲಟಕ್ಕೆಂದಿತು.

"ಏನಾದ್ರೂ ಹೇಳಿ ಸಾಹೇಬ್ರೇ," ಎಂದ ಬಕ್.

ಎಲ್ವುಡ್ ಆ ಬೆವರಿದ ಎಳೆ ಮುಖಗಳನ್ನು ನೋಡಿದರು. ಎಲ್ಲರಿಗೂ ಬಣ್ಣ ಮೆತ್ತಿತ್ತು, ಎಲ್ಲರಿಗೂ ಎಷ್ಟು ಖುಷಿ! "ಬಹಳ... ಬಹಳ ಹೊಳೀತಿದೆ," ಎಂದರು. ಆಮೇಲೆ ತಡೆಯಲಾರದೆ, "ಆದ್ರೂ ನೀವು ಹೋಗ್ಬೇಕಾಗಿದ್ದು ಎದುರುಮನೆಗೇ ಕಣ್ರಪ್ಪ," ಎಂದರು. ಬಕ್ ಮೂಗು ಒರೆಸಿಕೊಳ್ಳುತ್ತ ವ್ಯಾನು ಹತ್ತಿದ.

ಇನ್ನೂ ಬೆಳಕಿರುವಾಗಲೇ ಹ್ಯಾರಿಯೆಟ್ ಬಂದರು. ಕೈಯಲ್ಲಿ ಚೆರ್ರಿ ಹಣ್ಣಿನ ಪೈ, ಮೈಮೇಲೆ ನೀಲಿ ಉಡುಪು. ಬಾಗಿಲ ಮೇಲಿನ ಬರಹ ಓದಿ ತುಟಿ ಕಚ್ಚಿಕೊಂಡರು. ಒಳಗೆ ಇನ್ನೂ ನೀರಿದ್ದರಿಂದ ಇಬ್ಬರೂ ಹೊರಗಡೆ, ಡಬ್ಬಿಗಳ ರಾಶಿಯ ಪಕ್ಕದಲ್ಲಿ ಕುಳಿತರು. ಎಲ್ವುಡ್ ಎರಡು ಡಬ್ಬಿ ಹುರುಳಿಕಾಯಿ ತೆರೆದು ಒಂದನ್ನು ಅವರಿಗೆ ಕೊಟ್ಟರು.

"ಕ್ಷಮಿಸ್ಬೇಕು ಹ್ಯಾರಿಯೆಟ್. ಇದೆಲ್ಲ ಸಲ್ಲಬೇಕಾದ್ದು ನಿಮಗೆ. ಎಲ್ಲೋ ತಪ್ಪಾಗಿ ನನ್ನ ಹೆಸರು ಹೋಗಿದೆ."

ಹ್ಯಾರಿಯೆಟ್ ಚಮಚವನ್ನು ಡಬ್ಬಿಯೊಳಗೆ ತಿರುಗಿಸಿದರು. "ತಪ್ಪಾಗಿ ಹೋಗಿಲ್ಲ ಎಲ್ವುಡ್. ಹೋದ ವಾರ ಬಕ್ ನಂಗೇ ಫೋನ್ ಮಾಡಿದ್ದ, ಈ ತಿಂಗಳು ನನ್ನ ಮನೆ ಸರದಿ ಅಂತ. ನಂಗೆ ಜೀವ ಹೋದ ಹಾಗಾಯ್ತು. ನನ್ನ ಮನೆಗೇನೂ ಆಗಿಲ್ಲ, ಎದುರುಗಡೆ ಪ್ರೂಯಿಟ್ ಅಂತ ಇದ್ದಾರೆ, ಬಹಳ ಕಷ್ಟ, ಕೇಳಿದ್ರೆ ಒಪ್ಪಲ್ಲ, ಒಪ್ಪಿಸ್ಬೇಕು ಅಂತ ನಾನೇ ಹೇಳ್ದೆ."

ಎಲ್ವುಡ್ ಅವರ ಬಾಯಲ್ಲಿದ್ದ ಹುರುಳಿಕಾಯಿ ಅಲ್ಲೇ ನಿಂತಿತು. "ಯಾಕೆ?"

"ನನ್ನ ತಂಗಿ ಮನೆಗೆ ಹೋದ ವರ್ಷ ಇವರೇ ಹೋಗಿದ್ರು. ಈಗ ಅವಳು ಸ್ನಾನಕ್ಕೆ ಹೋದ್ರೆ ಚಿಲಕವನ್ನ ಗಂಡ ಹೊರಗಿನಿಂದ ಹಾಕ್ಬೇಕು. ಒಳ್ಳೇ ಹುಡುಗ್ರು. ಬೇಡ ಅನ್ನೋಕೆ ನನ್ನ ಬಾಯಿಗೆ ಬರ್ಲಿಲ್ಲ." ಹ್ಯಾರಿಯೆಟ್ ನಿಜವಾಗಿಯೂ ಕುಗ್ಗಿಹೋಗಿದ್ದರು. "ಮಾಡು ಕೂತಾಗ ಓಡಿಬಂದು ಹೇಳ್ಬೇಕು ಅನ್ನಿಸ್ತು. ಆಮೇಲೆ ನನ್ನ ಸೂರು ನೋಡ್ಕೊಂಡೆ, ಕಾಲೇ ಏಳ್ಲಿಲ್ಲ."

ಎಲ್ವುಡ್ ಡಬ್ಬಿಯನ್ನು ಹುಲ್ಲಿನ ಮೇಲಿಟ್ಟರು. ಆಮೇಲೆ ಅವರ ಭುಜ ಅಲುಗಿತು. ನಗು ಬಂದುಬಿಟ್ಟಿತ್ತು. ಹ್ಯಾರಿಯೆಟ್ ಕೂಡ ನಕ್ಕರು, ಕಣ್ಣೊರೆಸಿಕೊಂಡು ಪೈ ಕತ್ತರಿಸಲು ಚಾಕು ಎತ್ತಿದರು. ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಮಾತಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಸಿಗುವುದಿಲ್ಲ ಎಂದುಕೊಂಡು ಎಲ್ವುಡ್ ಗಂಟಲು ಸರಿಮಾಡಿಕೊಂಡರು.

"ಹ್ಯಾರಿಯೆಟ್, ನಾನು ಒಂದು ಮಾತು..."

ಬೀದಿಯ ತಿರುವಿನಲ್ಲಿ ಹಾರ್ನ್ ಕೇಳಿಸಿತು. ಬೀವರ್ಸ್ ವ್ಯಾನು ಬಂದು ನಿಂತಿತು. ಕಿಟಕಿಯಿಂದ ಬಕ್ ಅರ್ಧ ಮೈ ಹೊರಗೆ ಹಾಕಿದ.

"ಪ್ರೂಯಿಟ್ ಸಾಹೇಬ್ರೇ! ಬೆಳಿಗ್ಗೆಯಿಂದ ನಿಮ್ಮ ಬಾಯಲ್ಲಿ ಒಂದೇ ಮಾತು, ಎದುರುಮನೆ, ಎದುರುಮನೆ. ನಮ್ಮ ಹುಡುಗ್ರಿಗೆ ಊಟ ಸೇರ್ತಿಲ್ಲ! ನಾಳೆ ಅಭ್ಯಾಸ ರದ್ದು ಮಾಡಿದ್ದೀನಿ. ವೋಗಲ್ ಅವರೇ, ನೀವು ಬೇಡ ಅಂದ್ರೂ ನಾವು ಕೇಳಲ್ಲ. ಸೂರು ಪೂರ್ತಿ ಬಿಚ್ತೀವಿ! ಥ್ಯಾಂಕ್ಸ್ ಹೇಳೋದಾದ್ರೆ ಇವರಿಗೆ ಹೇಳಿ!"

ಹಿಂದಿನ ಸೀಟಿನಿಂದ ರಾಮಿರೋ ಬೆಟ್ಟದಂಥ ಕೈ ಬೀಸಿದ. ವ್ಯಾನು ಹೋಯಿತು.

ಹ್ಯಾರಿಯೆಟ್ ಚಾಕು ಕೆಳಗಿಟ್ಟರು. ಕತ್ತರಿಸದ ಪೈಯನ್ನು ಎತ್ತಿ ಕಂಕುಳಿಗೆ ಸೇರಿಸಿಕೊಂಡರು. ಬೀದಿ ದಾಟಿ ತಮ್ಮ ಗೇಟಿನ ಹತ್ತಿರ ಹೋಗಿ, ಒಂದು ಸಲ ಸೂರಿನ ಕಡೆ ನೋಡಿ, ಒಂದು ಸಲ ಇವರ ಕಡೆ ನೋಡಿದರು.

"ಎಲ್ವುಡ್," ಎಂದು ಕೂಗಿದರು, "ನಾಳೆ ಬೆಳಿಗ್ಗೆ ಏಣಿ ಹಿಡಿಯೋಕೆ ನೀವೇ ಬರ್ಬೇಕು. ಸೂರು ಬೀಳುವಾಗ ಕೆಳಗೆ ಯಾರಾದ್ರೂ ಬೇಕಲ್ಲ!"