ಕಣಕಟ್ಟೆ ಹೋಬಳಿಯಲ್ಲಿ ಹಿಮದ ಮನೆ

ಅರಸೀಕೆರೆಯ ನಿವೃತ್ತ ಬ್ಯಾಂಕ್ ಗುಮಾಸ್ತನೊಬ್ಬ ಮೇ ತಿಂಗಳ ಬಿಸಿಲಲ್ಲಿ ಬಸ್ಸು ಹತ್ತಿ, ಕಣಕಟ್ಟೆ ಹೋಬಳಿಯ ಒಂದು ಹಳ್ಳಿ ಶಾಲೆಗೆ ಹೋಗಿ ಮಕ್ಕಳಿಗೆ ಏನು ಕಲಿಸಿದ, ಊಹಿಸಿ ನೋಡೋಣ. ಬಡ್ಡಿ ಲೆಕ್ಕ ಅಂತೀರಾ? ಅಲ್ಲ. ಯೋಗಾಸನ? ಅದೂ ಅಲ್ಲ. ಹಿಮಗಡ್ಡೆಯಲ್ಲಿ ಮನೆ ಕಟ್ಟುವುದು ಹೇಗೆ ಅಂತ. ಆ ನಿವೃತ್ತ ನಾನೇ. ಮನೆಯಲ್ಲಿ ಪೇಪರ್ ಓದಿಕೊಂಡು ಕೂತವನಿಗೆ ಇಂಥವೆಲ್ಲ ಆಗುವುದಿಲ್ಲ. ಸೇವೆ ಮಾಡ್ತೀನಿ ಅಂತ ಹೊರಟವನಿಗೆ ಮಾತ್ರ ಆಗುತ್ತವೆ, ಅದೂ ಒಂದರ ಹಿಂದೆ ಒಂದು.

೧. ಪೆಟ್ಟಿಗೆ ಬಂತು

ಆ ಶಾಲೆಯ ಹೆಡ್‌ಮಿಸ್ ನಮ್ಮ ಬೀದಿಯವರೇ. ಒಂದು ಸಂಜೆ ಬಂದು, ಬೇಸಿಗೆ ಶಿಬಿರಕ್ಕೆ ಸಂಬಳವಿಲ್ಲದ ಒಬ್ಬರು ಬೇಕು ಅಂಕಲ್ ಅಂದರು. ಹೆಂಡತಿ ಒಳಗಿನಿಂದಲೇ ನನ್ನ ಹೆಸರು ಹೇಳಿದಳು.

ಹೆಡ್‌ಮಿಸ್‌ಗೆ ಬೇರೆಯೇ ಚಿಂತೆ. ಊರಿಗೆ ಕಾನ್ವೆಂಟಿನ ಹಳದಿ ವ್ಯಾನು ಬರುತ್ತದೆ. ಗೌಡರ ಮೊಮ್ಮಗ ಅದನ್ನು ಹತ್ತುತ್ತಾನೆ. ಅವನನ್ನು ನೋಡಿ ಊರೆಲ್ಲ ಹತ್ತುತ್ತದೆ. ಈ ಜೂನ್‌ನಲ್ಲಿ ಹೊಸ ಮಕ್ಕಳು ಸೇರದಿದ್ದರೆ ಶಾಲೆಗೆ ಬೀಗ. ಅಪ್ಪ ಅಮ್ಮಂದಿರು ಒಂದು ಸಲ ಗೇಟಿನೊಳಗೆ ಕಾಲಿಟ್ಟರೆ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ ಅನ್ನುವುದು ಆಕೆಯ ಲೆಕ್ಕಾಚಾರ.

ಶಿಬಿರದ ಸಾಮಾನು ಬೆಂಗಳೂರಿನ ಒಂದು ಸಂಸ್ಥೆಯಿಂದ ಬಂತು. ಒಂದೊಂದು ಶಾಲೆಗೆ ಒಂದೊಂದು ವಿಷಯದ ಪೆಟ್ಟಿಗೆ. ಹಳೇಬೀಡಿಗೆ ಸಮುದ್ರ, ಬೇಲೂರಿಗೆ ಮರುಭೂಮಿ, ನಮಗೆ ಉತ್ತರ ಧ್ರುವ. ಬದಲಾಯಿಸಿ ಕೊಡಿ ಅಂತ ಫೋನ್ ಮಾಡಿದೆ. ಪೆಟ್ಟಿಗೆಗಳಲ್ಲಿ ಮೇಲು ಕೀಳು ಇಲ್ಲ ಅಂತ ಹುಡುಗಿಯೊಬ್ಬಳು ತಿಳಿಹೇಳಿದಳು. ಮೊದಲನೇ ಚಟುವಟಿಕೆ, ಮಕ್ಕಳು ಚಳಿಗೆ ಗಡಗಡ ನಡುಗುವ ಅಭಿನಯ. ಪಾಪ, ನಡುಗಿದರು, ಬೆವರು ಒರೆಸಿಕೊಳ್ಳುತ್ತಾ ನಡುಗಿದರು.

೨. ನಾಯಿ ಗಾಡಿ

ಆ ದೇಶದಲ್ಲಿ ಗಾಡಿಯನ್ನು ನಾಯಿಗಳು ಎಳೆಯುತ್ತವೆ ಅಂತ ಚಿತ್ರ ತೋರಿಸಿದೆ. ಒಬ್ಬಳು ಪುಟ್ಟಿ ಎದ್ದು, ಎತ್ತು ಇಟ್ಕೊಳ್ಳೋಕೆ ಆಗದಷ್ಟು ಬಡವರಾ ಸಾರ್ ಅಂತ ಕೇಳಿದಳು. ಹೌದಮ್ಮ ಅಂದುಬಿಟ್ಟೆ.

ಮಾರನೇ ದಿನ ಮಕ್ಕಳು ಒಂದು ದೊಡ್ಡ ತೆಂಗಿನ ಗರಿಗೆ ಹಗ್ಗ ಬಿಗಿದು, ದೇವಸ್ಥಾನದ ಬೀದಿಯ ನಾಯಿ ಒಂದು, ಕೆರೆ ಬೀದಿಯ ನಾಯಿ ಒಂದು, ಹಿಂದೆ ಮುಂದೆ ಕಟ್ಟಿದ್ದರು. ನಾಯಿಗಳು ಹೊಂದಿಕೊಂಡವು. ಹೊಂದಿಕೊಳ್ಳದವರು ಆ ಬೀದಿಗಳ ಯಜಮಾನರು. ನಮ್ಮ ಬೀದಿ ನಾಯಿಯನ್ನ ಅವರ ನಾಯಿ ಹಿಂದೆ ಕಟ್ಟಿದ್ದು ಯಾರು ಅಂತ ಕೆರೆ ಬೀದಿಯವರು ಗೇಟಿನ ಹೊರಗೆ ನಿಂತು ಕೇಳಿದರು. ಹಿಂದಿನದನ್ನು ಮುಂದಕ್ಕೆ ಕಟ್ಟಿದೆವು. ದೇವಸ್ಥಾನದ ಬೀದಿಯವರು ಬಂದರು. ಕೊನೆಗೆ ಎರಡೂ ನಾಯಿಗಳನ್ನು ಗರಿಯ ಮೇಲೆ ಅಕ್ಕಪಕ್ಕ ಕೂರಿಸಿ ಮಕ್ಕಳೇ ಎಳೆದರು.

೩. ವಾಸ್ತು

ಪೆಟ್ಟಿಗೆಯಲ್ಲಿದ್ದ ಕೊನೆಯ ಚಟುವಟಿಕೆ ಹಿಮದ ಮನೆ. ಹಿಮಕ್ಕೆ ಎಲ್ಲಿ ಹೋಗೋಣ? ಬಿದಿರಿನ ದಬ್ಬೆ ಬಗ್ಗಿಸಿ, ಅದರ ಮೇಲೆ ರಾಗಿ ಹುಲ್ಲು ಹೊದಿಸಿ, ಹುಲ್ಲಿನ ಮೇಲೆ ನನ್ನ ಬಿಳಿ ಪಂಚೆಗಳನ್ನು ಸುತ್ತಿದೆವು. ದೂರದಿಂದ ನೋಡಿದರೆ ಹಿಮದ ಮನೆ. ಹತ್ತಿರದಿಂದ ನೋಡಿದರೆ ನನ್ನ ಪಂಚೆ.

ಗೌಡರ ಮೊಮ್ಮಗನೂ ರಜೆಯಲ್ಲಿ ಶಿಬಿರಕ್ಕೆ ಬರುತ್ತಿದ್ದ, ಹಾಗಾಗಿ ಹುಲ್ಲು ಕೊಟ್ಟವರು ಅವರೇ. ಅವರು ಬೇಲಿಯಾಚೆಯಿಂದ ನೋಡಿ, “ಬಾಗ್ಲು ದಕ್ಷಿಣಕ್ಕೈತಲ್ಲ ಮೇಷ್ಟ್ರೇ” ಅಂದರು. ಓದಿದವನಲ್ಲವೇ ನಾನು, ವಿವರಿಸಿದೆ. ಉತ್ತರ ಧ್ರುವದಲ್ಲಿ ನಿಂತರೆ ಎತ್ತ ತಿರುಗಿದರೂ ದಕ್ಷಿಣವೇ, ಅಲ್ಲಿ ಬೇರೆ ದಿಕ್ಕಿಗೆ ಬಾಗಿಲಿಡಲು ಸಾಧ್ಯವೇ ಇಲ್ಲ ಅಂತ. ಗೌಡರು ಬಾಗಿಲನ್ನು ಇನ್ನೊಮ್ಮೆ ನೋಡಿ ತಲೆಯಾಡಿಸಿದರು.

“ಅದ್ಕೇ ಅಲ್ಲಿ ಯಾರೂ ಉದ್ಧಾರ ಆಗಿಲ್ಲ.”

೪. ಒಕ್ಕಲು

ಕೊನೆಯ ದಿನದ ಕಾರ್ಯಕ್ರಮಕ್ಕೆ ಹೆಡ್‌ಮಿಸ್ ಎಲ್ಲರಿಗೂ ವಾಟ್ಸಾಪಿನಲ್ಲಿ ಆಹ್ವಾನ ಕಳಿಸಿದರು. ಊರಿಗೆ ಊರೇ ಹೆಬ್ಬೆಟ್ಟಿನ ಚಿತ್ರ ಕಳಿಸಿತು. ಬಿಸಿಯೂಟದ ಅಡುಗೆಯಾಕೆ ನಕ್ಕಳು. “ಕುಂಕುಮ ಇಡ್ದೆ ಕರೆದ್ರೆ ಯಾರ್ ಬತ್ತಾರೆ ಮೇಡಂ?” ಸರಿ, ಇಬ್ಬರೂ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋದರು. ಹೆಡ್‌ಮಿಸ್ ಉತ್ತರ ಧ್ರುವದ ವಿಚಾರ ಶುರುಮಾಡುವಷ್ಟರಲ್ಲಿ ಅಡುಗೆಯಾಕೆ ಚುಟುಕಾಗಿ ಮುಗಿಸುತ್ತಿದ್ದಳು: ಮಕ್ಕಳು ಹೊಸ ಮನೆ ಕಟ್ಟವ್ರೆ, ಎಲ್ರೂ ಬರ್ಬೇಕು.

ಬಂದರು. ರೇಷ್ಮೆ ಸೀರೆ ಉಟ್ಟು, ಹಣ್ಣು ಕಾಯಿ ತಟ್ಟೆ ಹಿಡಿದು ಬಂದರು. ಹೊಸ ಮನೆಯ ಒಕ್ಕಲೆಂದರೆ ಮೊದಲು ಹಸು ಒಳಗೆ ಹೋಗಬೇಕಲ್ಲ, ಗೌಡರು ಕೊಂಬಿಗೆ ಹೂ ಸುತ್ತಿದ ಹಸುವನ್ನೇ ಹೊಡೆದುಕೊಂಡು ಬಂದರು. ಇದು ಆ ಥರದ ಮನೆಯಲ್ಲ ಅಂತ ನಾನು ಹೇಳುವಷ್ಟರಲ್ಲಿ ಹಸು ಬಾಗಿಲಿಗೆ ತಲೆ ಹಾಕಿತು. ಒಳಗೆ ಹೋಗಲಿಲ್ಲ, ಹೋಗುವ ಅಗತ್ಯ ಅದಕ್ಕೆ ಕಾಣಲಿಲ್ಲ. ನಿಂತಲ್ಲೇ ಗೋಡೆ ತಿನ್ನಲು ಶುರುಮಾಡಿತು. ಹೆಂಗಸರು ಆರತಿ ಎತ್ತುತ್ತಿದ್ದಾರೆ, ಮನೆ ಕರಗುತ್ತಿದೆ. ಸೂರು ಮುಗಿಸಿ ಅದು ನನ್ನ ಪಂಚೆಯ ಅಂಚಿಗೆ ಬಾಯಿ ಹಾಕಿದಾಗ ಹೆಡ್‌ಮಿಸ್ ಮುಖ ನೋಡಲಾಗಲಿಲ್ಲ. ಊರಿಗೆ ತೋರಿಸಲು ಆಕೆಯ ಬಳಿ ಇದ್ದದ್ದು ಅದೊಂದೇ.

ಗೌಡರು ಮಾತ್ರ ಹಸುವಿನ ಬೆನ್ನು ಸವರುತ್ತಾ ಸಂತೋಷದಿಂದ ನಿಂತಿದ್ದರು. “ನನ್ನ ಮನೆ ಒಕ್ಕಲಲ್ಲಿ ಇದ್ರ ತಾಯಿ ಬಾಗ್ಲಲ್ಲೇ ತಿರುಗಿ ನಿಂತ್ಬಿಡ್ತು ಮೇಡಂ, ಇವತ್ತಿಗೂ ನನ್ನವಳು ಅದನ್ನೇ ಹೇಳಿ ಆಡ್ಕೋತಾಳೆ. ಇಲ್ಲಿ ಹೊಟ್ಟೆ ತುಂಬ ತಿಂದೈತೆ. ಇಂಥ ಜಾಗ ಬಿಟ್ಟು ನಮ್ಮ ಹುಡುಗ ವ್ಯಾನ್ ಯಾಕ್ ಹತ್ಬೇಕು? ಹೆಸ್ರು ಬರ್ಕೊಳ್ಳಿ.” ಆಮೇಲೆ ನೋಡಿ, ಮಿಕ್ಕ ಅಪ್ಪ ಅಮ್ಮಂದಿರೂ ಹೆಡ್‌ಮಿಸ್ ಮೇಜು ಮುತ್ತಿಕೊಂಡರು. ಅಡುಗೆಯಾಕೆ ಪಾಯಸಕ್ಕೆ ಇಟ್ಟಳು.

ಪಾಯಸ ಕುಡಿಯುವಾಗ ನಾನು ಮೆಲ್ಲಗೆ ಕೇಳಿದೆ, ಇಂಥ ದಿನ ಯಾರಾದರೂ ಮನೆ ಒಕ್ಕಲು ಮಾಡ್ತಾರಾ ಗೌಡರೇ ಅಂತ. ಅವರು ನನ್ನನ್ನು ಕನಿಕರದಿಂದ ನೋಡಿದರು.

“ಆ ದೇಶದಲ್ಲಿ ಆರು ತಿಂಗ್ಳು ಸೂರ್ಯನೇ ಮುಳುಗಲ್ವಂತೆ, ಮೊಮ್ಮಗ ಹೇಳ್ದ. ಅಲ್ಲಿನ ಮನೆಗೆ ನಮ್ಮ ಪಂಚಾಂಗ ಯಾಕೆ ಮೇಷ್ಟ್ರೇ?”

ಯಾರೂ ಎತ್ತು ಕಟ್ಟುವುದಿಲ್ಲ, ಎಲ್ಲ ಊರಲ್ಲೇ ಸಿಗುತ್ತಾರೆ ಅಂತ ಹೆಡ್‌ಮಿಸ್ ಆರಿಸಿದ್ದ ಆ ದಿನ ಯಾವುದು ಅಂದಿರಾ? ವೈಶಾಖ ಬಹುಳ ಅಮಾವಾಸ್ಯೆ, ಮಂಗಳವಾರ.