ಮಖಮಲ್ಲಿನ ಕೋಟು ಆರುವ ತನಕ

ಮಖಮಲ್ಲಿಗೆ ಇಸ್ತ್ರಿಪೆಟ್ಟಿಗೆ ತಾಗಿಸುವಂತಿಲ್ಲ. ಆವಿ ಹಿಡಿದು, ಒದ್ದೆ ಆರುವ ತನಕ ಯಾರಾದರೂ ತೊಟ್ಟುಕೊಂಡಿರಬೇಕು, ಇಲ್ಲದಿದ್ದರೆ ಭುಜ ಜೋತುಬೀಳುತ್ತದೆ. ನಾಟಕ ಕಂಪನಿಯ ಇಸ್ತ್ರಿಯವನ ಫಜೀತಿಗೆಲ್ಲ ಇದೇ ಮೂಲ. ಆಗ ಆಡುತ್ತಿದ್ದ ನಾಟಕದಲ್ಲಿ ಧಣಿಯೂ ಆಳೂ ಬಟ್ಟೆ ಅದಲುಬದಲು ಮಾಡಿಕೊಂಡು ಎಲ್ಲರ ಕಣ್ಣಿಗೆ ಮಣ್ಣೆರಚುತ್ತಾರೆ. ಆ ಧಣಿಯ ನೀಲಿ ಕೋಟು ಇವನ ಮೈಗೇ ಹೊಲಿದಂತಿತ್ತು.

ಕೋಟಿನೊಳಗೆ ನಿಂತರೆ ಇವನ ಕಾಲ ಕೆಳಗಿನ ನೆಲ ಹತ್ತಿಯಷ್ಟು ಮೆತ್ತಗಾಗುತ್ತಿತ್ತು. ಆ ಬೆಳಿಗ್ಗೆಯೂ ಕಣ್ಣು ಅರೆಮುಚ್ಚಿ, ಬೀದಿಯ ಕೊನೆಯ ಟೋಪಿ ಅಂಗಡಿಯವನ ಮಗಳನ್ನು ನೆನೆಯುತ್ತ ನಿಂತಿದ್ದ. ಅವಳ ಮುಂದೆ ಇವನ ಮನಸ್ಸಿನ ಮಾತು ಎಂದೂ ಗಂಟಲು ದಾಟಿರಲಿಲ್ಲ.

ಕಂಪನಿಯ ಕ್ಷೌರಿಕ ಇಣುಕಿದ. “ಸಂಜೆ ಅವಳನ್ನ ನೋಡೋಕೆ ಗಂಡು ಬರ್ತಿದ್ದಾನಂತೆ. ನೀನಿಲ್ಲೇ ನಿಂತು ಒಣಗ್ತಾ ಇರು!”

“ಇಸ್ತ್ರಿಯವನಿಗೆ ಅವಳಪ್ಪ ಹೆಣ್ಣು ಕೊಡ್ತಾನಾ ಅಣ್ಣಾ?”

“ಇಸ್ತ್ರಿಯವನು ಯಾಕೋ ಹೋಗ್ಬೇಕು? ಧಣಿ ಹೋಗ್ಲಿ. ಆ ಮುದುಕ ಮುಖ ಎಲ್ಲಿ ನೋಡ್ತಾನೆ, ಬಟ್ಟೆ ನೋಡ್ತಾನೆ.” ಹೀಗೆಂದವನೇ ಇವನಿಗೊಂದು ಗಡ್ಡ ಅಂಟಿಸಿಯೇಬಿಟ್ಟ.

ಕೋಟಿನಲ್ಲೇ ಹೊರಬಿದ್ದವನಿಗೆ ಬೀದಿಯೇ ಬೇರೆಯಾಗಿ ಕಂಡಿತು. ದಿನವೂ ಬೈದುಕೊಂಡು ಹೋಗುವ ಗಾಡಿಯವನು ಕುದುರೆ ನಿಲ್ಲಿಸಿ ದಾರಿ ಬಿಟ್ಟ. ಬೇಕರಿಯಾಕೆ ಓಡಿಬಂದು ಬಿಸಿ ಬನ್ನು ಕೈಗಿಟ್ಟಳು. ಬನ್ನಿನ ಬೆಣ್ಣೆ ತಾಗಿ ಗಡ್ಡದ ಅಂಟು ಬಿಟ್ಟಿತು. ಗಡ್ಡವನ್ನು ಕೈಯಲ್ಲಿ ಒತ್ತಿ ಹಿಡಿದು ಮೆಲ್ಲಗೆ ನಡೆದ. ದೊಡ್ಡ ಮನುಷ್ಯರು ಏನೋ ಗಹನವಾಗಿ ಯೋಚಿಸುತ್ತಿದ್ದಾರೆಂದು ಜನ ಪಿಸುಗುಟ್ಟಿದರು. ಇವನಿಗೂ ಹಾಗೇ ಅನ್ನಿಸತೊಡಗಿತು.

“ಬನ್ನಿ ಸ್ವಾಮಿ, ಬನ್ನಿ!” ಟೋಪಿ ಅಂಗಡಿಯ ಮುದುಕ ತನ್ನ ಕುರ್ಚಿಯನ್ನೇ ಒರೆಸಿ ಕೊಟ್ಟ.

“ನಿಮ್ಮ ಮಗಳನ್ನ ನನಗೆ ಕೊಡಬೇಕು.” ಅಷ್ಟು ಧೈರ್ಯ ತನಗೆ ಎಲ್ಲಿಂದ ಬಂತೆಂದು ಅವನಿಗೇ ಆಶ್ಚರ್ಯವಾಯಿತು.

“ನಮ್ಮ ಪುಣ್ಯ ಸ್ವಾಮಿ! ಮಗಳೇ, ಕೇಳಿಸ್ತಾ?”

ಒಳಗಿನ ಕೋಣೆಯಿಂದ ಉತ್ತರ ಬಂತು. “ಧಣಿಗಿಣಿ ಯಾರೂ ಬೇಡಪ್ಪಾ. ಮದುವೆ ಅಂತ ಆದ್ರೆ ಆ ನಾಟಕದ ಇಸ್ತ್ರಿಯವರನ್ನೇ ಆಗೋದು. ಇಲ್ಲಾಂದ್ರೆ ಹೀಗೇ ಇದ್ಬಿಡ್ತೀನಿ.”

ಸಂತೋಷದಲ್ಲಿ ಇವನ ಕಣ್ಣಿಗೆ ಗೋಡೆಯ ಮೇಲಿನ ಟೋಪಿಗಳೆಲ್ಲ ಮೆಲ್ಲಗೆ ತೇಲತೊಡಗಿದವು. ಇಸ್ತ್ರಿಯವರು ಅಂದಳು, ಬಹುವಚನದಲ್ಲಿ! ಮುದುಕ ನಾಚಿಕೆಯಿಂದ ಕುಗ್ಗಿ, ಇವನ ಕಿವಿಯ ಬಳಿ ಏನೇನೋ ಹೇಳುತ್ತಿದ್ದ. ಇವನು ತೇಲುತ್ತಲೇ ಇದ್ದ.

“...ಹುಡುಗಿ ತಾನಾಗೇ ದಾರಿಗೆ ಬರ್ತಾಳೆ ಸ್ವಾಮಿ. ಅವನನ್ನ ಇವತ್ತೇ ಊರು ಬಿಡಿಸಿಬಿಡಿ, ಅಷ್ಟೇ. ನಿಮ್ಮಂಥೋರ ಒಂದು ಮಾತು ಸಾಕು.”

ನಿನ್ನದೊಂದು ಮಾತು ಸಾಕೆಂದು ಹುಟ್ಟಿದಾಗಿನಿಂದ ಯಾರೂ ಅವನಿಗೆ ಹೇಳಿರಲಿಲ್ಲ.

“ಆಗಲಿ,” ಎಂದ ಗಂಭೀರವಾಗಿ. “ಮಾತು ಕೊಟ್ಟಿದ್ದೀನಿ.”

ಯಾರನ್ನು ಊರು ಬಿಡಿಸಲು ಮಾತು ಕೊಟ್ಟೆನೆಂದು ಅವನಿಗೆ ಹೊಳೆದದ್ದು, ಬೀದಿಗಿಳಿದ ಮೇಲೆ.