ಗೋಡೆ ಹಿಡಿದು ನಿಂತ ಮೇಸ್ತ್ರಿ

ಎಲ್ಲ ಎಡವಟ್ಟಿಗೂ ಕಾರಣ ಅಂಗೈಯಗಲದ ಒಂದು ಕ್ಯಾಮೆರಾ.

ಆಫೀಸಿನಲ್ಲಿ ಅವನನ್ನು ಎಲ್ಲರೂ 'ಉಸ್ತುವಾರಿ' ಎಂದೇ ಕರೆಯುತ್ತಿದ್ದರು. ಯಾರ ಕೆಲಸ ಎಲ್ಲಿಗೆ ಬಂತು, ಯಾಕೆ ನಿಂತಿತು ಎಂದು ವಿಚಾರಿಸಿ, ಹಿಂದೆ ಬಿದ್ದ ಕೆಲಸಕ್ಕೆ ಕೆಂಪು ಬಣ್ಣ ಬಳಿದ ಚಾರ್ಟನ್ನು ಗೋಡೆಗೆ ನೇತುಹಾಕುವುದೇ ಅವನ ಉದ್ಯೋಗ. ಅಂಥವನ ಮನೆಯಲ್ಲೇ ಅಡುಗೆಮನೆ ರಿಪೇರಿ ಕುಂಟುತ್ತಿತ್ತು. ಧೂಳು ತಾಳಲಾರದೆ ಅಕ್ಕನ ಮನೆ ಸೇರಿದ್ದ ಹೆಂಡತಿ ಕಡ್ಡಿ ಮುರಿದ ಹಾಗೆ ಹೇಳಿದ್ದಳು: "ಇವತ್ತು ಸಂಜೆ ಬಂದು ನೋಡ್ತೀನಿ. ಅಡುಗೆ ಕಟ್ಟೆ ರೆಡಿ ಇದ್ರೆ ಇರ್ತೀನಿ. ಇಲ್ದಿದ್ರೆ ಬಂದ ಆಟೋದಲ್ಲೇ ವಾಪಸ್."

ಬ್ರೆಡ್ಡು ತಿಂದು ತಿಂದು ಅವನ ನಾಲಿಗೆ ಜಡ್ಡುಗಟ್ಟಿತ್ತು, ಮನೆ ಬಿಕೋ ಎನ್ನುತ್ತಿತ್ತು. ಹೆಂಡತಿ ಬರಲೇಬೇಕು. ರಜೆ ಸಿಗಲಿಲ್ಲ. ಹಾಗಾಗಿ ಅಡುಗೆಮನೆಯಲ್ಲಿ ಕ್ಯಾಮೆರಾ ಕೂರಿಸಿ, ಅದರ ಚಿತ್ರ ತನ್ನ ಫೋನಿನಲ್ಲಿ ಕಾಣುವ ಹಾಗೆ ಮಾಡಿಕೊಂಡು, ಬೀಗದ ಕೈಯನ್ನು ಎದುರುಮನೆ ಅಜ್ಜಿಗೆ ಕೊಟ್ಟು ಆಫೀಸಿಗೆ ಬಂದ.

ಕುರ್ಚಿಯಲ್ಲಿ ಕೂತವನೇ ಮೇಸ್ತ್ರಿಗೆ ಫೋನ್ ಮಾಡಿದ. "ಎಷ್ಟಾಯ್ತು?"

"ಈಗ ತಾನೇ ಬಂದೆ ಸಾರ್."

ಕಾಫಿ ಕುಡಿದು ಮತ್ತೆ ಮಾಡಿದ. "ಈಗ?"

"ಸಿಮೆಂಟ್ ಕಲಸ್ತಿದೀನಿ ಸಾರ್."

"ಎಷ್ಟು ಪರ್ಸೆಂಟ್ ಕಲಸಿದ್ರಿ?"

ಅದಾದ ಮೇಲೆ ಮೇಸ್ತ್ರಿಯ ಫೋನು ಸ್ವಿಚ್ ಆಫ್ ಆಯಿತು. ಆಗಲಿ, ಕ್ಯಾಮೆರಾ ಇದೆಯಲ್ಲ ಎಂದುಕೊಂಡು ಅವನು ಪರದೆ ನೋಡಿದ. ಮೇಸ್ತ್ರಿ ಒಂದು ಕೈಯನ್ನು ಗೋಡೆಗೆ ಚಾಚಿ, ಬಾಯಿ ಅರ್ಧ ತೆರೆದು, ನೇರವಾಗಿ ಇವನನ್ನೇ ನೋಡುತ್ತ ನಿಂತಿದ್ದ. ಒಂದು ಫೈಲು ಮುಗಿಸಿ ನೋಡಿದರೂ ಹಾಗೇ ನಿಂತಿದ್ದ. ಇನ್ನೊಂದು ಫೈಲು ಮುಗಿಸಿದ, ಆಗಲೂ ಹಾಗೇ.

"ಏನ್ರೀ ಇದು?" ಪಕ್ಕದ ಕ್ಯಾಷಿಯರ್ ಕತ್ತು ಚಾಚಿದ. "ತಪಸ್ಸಿಗೆ ನಿಂತಿದಾನಾ?"

"ಗೋಡೆ ಬೀಳುತ್ತೇನೋ ಅಂತ ಹಿಡ್ಕೊಂಡಿರ್ಬೇಕು, ಪಾಪ," ಎಂದರು ಟೈಪಿಸ್ಟ್ ಮೇಡಂ.

ನಗು ಕೇಳಿ ಮ್ಯಾನೇಜರೂ ಬಂದರು. ಫೋನನ್ನು ಕಿತ್ತುಕೊಂಡು, ಕನ್ನಡಕ ಏರಿಸಿ ದಿಟ್ಟಿಸಿದರು. "ನಾನು ಆಗಿಂದ ನೋಡ್ತಿದೀನಿ, ಕಣ್ಣು ಕೂಡ ಮಿಟುಕಿಸ್ತಿಲ್ಲ! ಎಷ್ಟು ಕೊಬ್ಬಿರ್ಬೇಕು!"

ಉಸ್ತುವಾರಿ ಫೋನನ್ನು ವಾಪಸ್ ಪಡೆದ. ಎದುರುಮನೆ ಅಜ್ಜಿಗೆ ಫೋನ್ ಮಾಡಿ ಕೇಳಿದ. "ಒಳಗೆ ಬುರ್ರ್ ಅಂತ ಒಂದೇ ಸಮ ಸದ್ದು ಬರ್ತಿದೆ ಕಣಪ್ಪ," ಎಂದರು ಅಜ್ಜಿ.

"ಗೊರಕೆ," ಎಂದು ಕ್ಯಾಷಿಯರ್ ತೀರ್ಪು ಕೊಟ್ಟ. "ಕಣ್ಣು ಬಿಟ್ಕೊಂಡೇ ನಿದ್ದೆ ಮಾಡೋರು ನಮ್ಮ ಆಫೀಸಲ್ಲೇ ಇಲ್ವಾ? ಬಿಡಿ, ನನಗೆ ಗೊತ್ತಿರೋ ಮೇಸ್ತ್ರಿ ಒಬ್ಬ ಇದಾನೆ. ಗಾಳಿ ಥರ ಕೆಲಸ ಮಾಡ್ತಾನೆ."

ಊಟದ ಹೊತ್ತಿಗೆ ಗಾಳಿ ಮೇಸ್ತ್ರಿ ಅಜ್ಜಿಯಿಂದ ಬೀಗದ ಕೈ ಪಡೆದು ಒಳಹೊಕ್ಕು ಫೋನ್ ಮಾಡಿದ. "ಸಾರ್, ಇಲ್ಲಿ ಯಾರೂ ಇಲ್ಲ."

"ಓಡಿಹೋದ್ನಾ ಸೋಮಾರಿ! ಅವನು ಏನೇನು ಅಂಟಿಸಿದಾನೋ ಎಲ್ಲಾ ಕಿತ್ತು, ಹೊಸದಾಗಿ ಶುರು ಮಾಡಿ."

"ಎಲ್ಲಾನೂ ಕೀಳ್ಬೇಕಾ? ನೋಡಕ್ಕೆ ಚೆನ್ನಾಗೇ ಇದೆಯಲ್ಲ ಸಾರ್..."

"ಹೇಳಿದಷ್ಟು ಮಾಡ್ರೀ! ಮೊದಲು ಆ ಕ್ಯಾಮೆರಾ ಸರಿಯಾಗಿದೆಯಾ ನೋಡಿ!"

"ಭೇಷ್!" ಮ್ಯಾನೇಜರ್ ಅವನ ಬೆನ್ನು ತಟ್ಟಿದರು. "ನಿಯಂತ್ರಣ ಅಂದ್ರೆ ಇದು."

ಸ್ವಲ್ಪ ಹೊತ್ತಿನಲ್ಲೇ ಪರದೆಯ ಚಿತ್ರ ಅಲ್ಲಾಡಿತು. ಮುಖಕ್ಕೆ ಟವೆಲ್ ಬಿಗಿದ ಗಾಳಿ ಮೇಸ್ತ್ರಿ ಧೂಳಿನ ಮಧ್ಯೆ ಸುತ್ತಿಗೆ ಎತ್ತಿ ಎತ್ತಿ ಬಡಿಯುತ್ತಿದ್ದ. ಇಡೀ ಸೆಕ್ಷನ್ ಚಪ್ಪಾಳೆ ತಟ್ಟಿತು. ಉಸ್ತುವಾರಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಷ್ಟು ಹಿತವಾಯಿತು. ಅಷ್ಟರಲ್ಲಿ ಫೋನ್ ರಿಂಗಾಯಿತು. ಹಳೇ ಮೇಸ್ತ್ರಿ!

"ಸಾರ್, ನಿಮ್ ಕಟ್ಟೆ ಬೇಗನೇ ಮುಗೀತು. ಟೈಲ್ಸೂ ಕನ್ನಡಿ ಥರ ಕೂತಿದೆ. ಬೀಗದ ಕೈ ಅಜ್ಜಿ ಹತ್ರ ಕೊಟ್ಟಿದೀನಿ. ಒಂದು ತಪ್ಪಾಯ್ತು, ಬೈಬೇಡಿ. ಅಲ್ಲಿ ಇರೋದು ಒಂದೇ ಪ್ಲಗ್ ಪಾಯಿಂಟು. ಕಟಿಂಗ್ ಮಷೀನ್ ಹಾಕ್ಬೇಕಿತ್ತು, ಅದಕ್ಕೆ ನಿಮ್ ಕ್ಯಾಮೆರಾ ವೈರ್ ಕಿತ್ತುಬಿಟ್ಟೆ. ವಾಪಸ್ ಹಾಕೋದು ಮರೆತೇಹೋಯ್ತು."

ಬೆಳಗಿನಿಂದ ಕಂಡದ್ದು ವೈರ್ ಕೀಳುವ ಗಳಿಗೆಯಲ್ಲೇ ನಿಂತುಹೋದ ಚಿತ್ರ! ಉಸ್ತುವಾರಿ ಪರದೆಯತ್ತ ನೋಡಿದ. ಗಾಳಿ ಮೇಸ್ತ್ರಿ ಹೆಸರಿಗೆ ತಕ್ಕಂತೆ ಕೆಲಸ ಮಾಡುತ್ತಿದ್ದ. "ನಿಲ್ಸೋ!" ಎಂದು ಇವನು ಕಿರುಚಿದ್ದು ಕ್ಯಾಮೆರಾದ ಸ್ಪೀಕರಿನಲ್ಲಿ ಸುತ್ತಿಗೆ ಸದ್ದಿಗೆ ಸೇರಿ ಬರೀ ಗುಂಯ್‌ಗುಟ್ಟಿತು. "ಆಯ್ತು ಸಾರ್, ಇನ್ನೂ ಜೋರಾಗಿ ಮಾಡ್ತೀನಿ," ಎಂದು ಅವನು ಕೊನೆಯ ಚಪ್ಪಡಿಯನ್ನೂ ಉರುಳಿಸಿದ. ಕ್ಯಾಷಿಯರಿಗೆ ಆಗಲೇ ಬ್ಯಾಂಕಿನಲ್ಲಿ ತುರ್ತು ಕೆಲಸ ನೆನಪಾಗಿತ್ತು. ಮ್ಯಾನೇಜರ್ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು.

ಅವನು ಓಡೋಡಿ ಮನೆ ತಲುಪಿದಾಗ ಆಟೋ ಬಾಗಿಲಲ್ಲೇ ನಿಂತಿತ್ತು. ಹೆಂಡತಿ ಕಲ್ಲಿನ ಗುಡ್ಡೆಯ ಮುಂದೆ ಬ್ಯಾಗು ಹಿಡಿದು ನಿಂತಿದ್ದಳು. ಅವನು ತೊದಲುತ್ತ ನಡೆದದ್ದನ್ನೆಲ್ಲ ಒಪ್ಪಿಸಿದ. ಕೇಳುತ್ತ ಕೇಳುತ್ತ ಅವಳು ಬ್ಯಾಗು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಆಟೋ ಕಳಿಸಿಬಿಡಿ," ಎಂದಳು ಕೊನೆಗೆ. "ನಿಮ್ಮನ್ನ ಒಬ್ಬರನ್ನೇ ಬಿಟ್ರೆ ಮುಂದಿನ ವಾರ ಮನೇನೂ ಇರಲ್ಲ."

ಉಸ್ತುವಾರಿಗೆ ಹೋದ ಜೀವ ಬಂದಂತಾಯಿತು. ಕಟ್ಟೆ ಹೋದರೆ ಹೋಗಲಿ, ಹೆಂಡತಿ ಉಳಿದಳಲ್ಲ! ಖುಷಿಯಲ್ಲಿ ಅವಳ ಬ್ಯಾಗನ್ನು ತಾನೇ ಎತ್ತಿಕೊಂಡ.

"ನಾಳೆಯಿಂದ ಆ ಹಳೇ ಮೇಸ್ತ್ರೀನೇ ಕರೆಸಿ ಕೆಲಸ ನಾನು ನೋಡ್ಕೊಳ್ತೀನಿ," ಎಂದಳು ಅವಳು. "ಕಟ್ಟೆ ಮುಗಿಯೋವರೆಗೂ ಅಡುಗೆ ನಿಮ್ದು."

ಅವನು ನಡುಮನೆಯ ಮೂಲೆಯಲ್ಲಿ ಸ್ಟೌ ಹಚ್ಚಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ. ಹೆಂಡತಿ ಕುರ್ಚಿ ಎಳೆದುಕೊಂಡು ಅವನ ಎದುರಿಗೇ ಆರಾಮಾಗಿ ಒರಗಿದಳು.

"ಗಾಬರಿ ಬೇಡ, ನಿಧಾನಕ್ಕೆ ಮಾಡಿ," ಎಂದಳು. "ನಾನು ನೋಡ್ತಾ ಇರ್ತೀನಿ."